ಗುಂಯ್ ಎನ್ನದ ಗಿಟಾರು

“ಈಗ ಹಾಕಿ!” ಎಂದು ಪತ್ತೇದಾರ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

ಕೆಳಗಿನ ಕನ್ನಡಕದ ಅಂಗಡಿಯವರು ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. “ಹಾಡಹಗಲಲ್ಲಿ ಬೋರ್ಡಿನ ದೀಪ ಯಾಕೆ ಸಾರ್? ಮೊದಲು ನಿನ್ನ ಕಣ್ಣು ಪರೀಕ್ಷೆ ಮಾಡಿಸ್ಕೋ ಅಂತಾರೆ ಜನ.”

“ಅನ್ನಲಿ ಬಿಡಿ. ಹಾಕಿ.”

ಅಂಗಡಿಯ ನೆತ್ತಿಯ ಮೇಲಿದ್ದ ಕನ್ನಡಕದಾಕಾರದ ಗಾಜಿನ ಕೊಳವೆ ಎರಡು ಸಲ ಮಿಟುಕಿ ಹಸಿರಾಗಿ ಹೊತ್ತಿಕೊಂಡಿತು. ಕಿಟಕಿಯ ಪಕ್ಕದಲ್ಲೇ ಇದ್ದ ಅದರ ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ದೊಡ್ಡವರು ಕೆಮ್ಮಿದರೆಂದು ತಾನೂ ಕೆಮ್ಮುವ ಮಗುವಿನಂತೆ, ಕೋಣೆಯ ಮೂಲೆಯಲ್ಲಿದ್ದ ಆಂಪ್ಲಿಫೈಯರ್ ಕೂಡ ಗುಂಯ್ ಎಂದು ಶುರುಮಾಡಿತು.

ಪತ್ತೇದಾರನ ಮುಖದಲ್ಲಿ ವಾರದ ನಂತರ ಮೊದಲ ಸಲ ನಗು ಕಾಣಿಸಿತು. ಸ್ಟೂಲಿನ ಮೇಲೆ ಹಳದಿ ಗಿಟಾರ್ ತೊಡೆಗೇರಿಸಿ ಕುಳಿತಿದ್ದ ಮರಿ ಎಂಬವನಿಗೆ ಆ ನಗು ಸ್ವಲ್ಪವೂ ಹಿಡಿಸಲಿಲ್ಲ.

ಗಿಟಾರ್ ಮೇಷ್ಟ್ರು ಇದೇ ಮಹಡಿಯ ಒಳಕೋಣೆಯಲ್ಲಿ, ಯಾರೋ ತಳ್ಳಿದ್ದಕ್ಕೆ ಕಬ್ಬಿಣದ ಮೇಜಿನ ಮೂಲೆ ತಲೆಗೆ ಬಡಿದು ಸತ್ತ ಆ ಸಂಜೆ, ರೆಕಾರ್ಡಿಂಗ್ ಯಂತ್ರ ಓಡುತ್ತಲೇ ಇತ್ತು.

ಅದರಲ್ಲಿ ಮಾತಿಲ್ಲ. ಒಂದು ಗಿಟಾರ್ ಒಂಟಿಯಾಗಿ ನುಡಿಯುತ್ತದೆ. ನಡುವೆ ಎಲ್ಲೋ ದೂರದಲ್ಲಿ ಧಡ್ ಎಂದು ಏನೋ ಬಿದ್ದ ಸದ್ದು. ಗಿಟಾರ್ ನಿಲ್ಲುವುದಿಲ್ಲ; ತನ್ನ ಪಾಡಿಗೆ ತಾನು ನುಡಿದು ಮುಗಿಸುತ್ತದೆ. ಅಂದರೆ ತಳ್ಳಿದವರು ಬೇರೆ, ನುಡಿಸುತ್ತಿದ್ದವರು ಬೇರೆ. ಇಷ್ಟು ಪೊಲೀಸರಿಗೂ ಹೊಳೆದಿತ್ತು.

ನುಡಿಸುತ್ತಿದ್ದವನು ನಾನೇ ಎಂದು ಮೇಷ್ಟ್ರ ತಮ್ಮ ಹೇಳಿಕೆ ಕೊಟ್ಟಿದ್ದ. ಊರೆಲ್ಲ ಅವನನ್ನು ಮರಿ ಎನ್ನುತ್ತಿತ್ತು. ಮೇಷ್ಟ್ರ ಮರಿ. ಮೀಸೆ ನೆರೆತರೂ ಮರಿಯೇ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಒಳಗೆ ಅಣ್ಣ ಬಿದ್ದದ್ದು ತನಗೆ ಕೇಳಿಸಲಿಲ್ಲವೆಂದ. ಹಾಗಾಗಿ ಅವನು ಪಾರಾದ. ಆ ಸಂಜೆ ಮುಂದಿನ ಮೆಟ್ಟಿಲು ಹತ್ತಿ ಇಳಿದದ್ದು, ಕನ್ನಡಕದವರ ಕಣ್ಣಿಗೆ ಬಿದ್ದಂತೆ, ಇನ್ನೊಬ್ಬರು ಮಾತ್ರ, ಪತ್ತೇದಾರನ ಹೆಂಡತಿ.

ಯಾಕೆ ಹೋಗಿದ್ದೆ ಎಂದು ಕೇಳಿದರೆ ಅವಳು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಒಂದು ಕಾಲಕ್ಕೆ ಪತ್ತೇದಾರನ ಕೈಕೆಳಗೇ ಕೆಲಸ ಕಲಿತವನು. ಅವನು ಬೆಳಿಗ್ಗೆ ಫೋನ್ ಮಾಡಿ ಸಂಕೋಚದಿಂದ ಹೇಳಿದ್ದ: “ನಾಳೆ ನೀವೇ ಮೇಡಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡು ಬಂದ್ಬಿಡಿ ಸಾರ್. ನಾನೇ ಬಂದು ಕರ್ಕೊಂಡು ಹೋದ್ರೆ ಚೆನ್ನಾಗಿರಲ್ಲ. ಅವರಿಗೆ ಕಾರಣ ಇಲ್ಲ ಅಂತೀರ, ಒಪ್ಪಿದೆ. ಆದ್ರೆ ಇನ್ಯಾರೂ ಇಲ್ವಲ್ಲ?”

ಹೆಂಡತಿ ಜೈಲಿಗೆ ಹೋಗುತ್ತಾಳೆಂಬ ಭಯ ಒಂದು ಕಡೆ. ನಿಜ ಹೇಳಬೇಕೆಂದರೆ ಇನ್ನೊಂದು ಕಡೆಯ ತೂಕವೇ ಹೆಚ್ಚಾಗಿತ್ತು. ಅವಳು ಆ ಮನುಷ್ಯನ ಮನೆಗೆ ಯಾಕೆ ಹೋದಳು?

ಮದುವೆಗೆ ಮುಂಚೆ ಅವಳು ಮೇಷ್ಟ್ರ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದಳು. ಮದುವೆಯಾದ ವರ್ಷವೇ ಬಿಟ್ಟಳು. ಪತ್ತೇದಾರ ‘ಬಿಡು’ ಎಂದು ಒಂದು ದಿನವೂ ಹೇಳಲಿಲ್ಲ. ಅವಳು ಅಭ್ಯಾಸ ಮುಗಿಸಿ ಬರುವ ಹೊತ್ತಿಗೆ ಮುಖ ಊದಿಸಿಕೊಂಡು ಕುಳಿತಿರುತ್ತಿದ್ದ, ಅಷ್ಟೇ. “ಇವತ್ತು ಮೇಷ್ಟ್ರು ಎಷ್ಟು ನಗಿಸಿದ್ರು ಗೊತ್ತಾ” ಎಂದು ಅವಳು ಬಾಯ್ತಪ್ಪಿ ಅಂದರೆ ಇವನಿಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ. ಕೊನೆಗೆ ಅವಳೇ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಇವನು ಅದಕ್ಕೆ ಏಣಿ ಹಿಡಿದುಕೊಂಡ.

ಬದುಕಿದ್ದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಲೋಕರೂಢಿ. ಈ ಮಹಾರಾಯ ಸತ್ತವರ ಮೇಲೂ ಪಡುತ್ತಿದ್ದ. ಹೆಂಡತಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡಾಗಲೆಲ್ಲ ‘ನಾನು ಸತ್ತರೆ ಇಷ್ಟು ಅಳ್ತಾಳಾ?’ ಎಂದು ಅವನಿಗೆ ಅನ್ನಿಸುತ್ತಿತ್ತು.

“ಇನ್ನೂ ಎಷ್ಟು ಹೊತ್ತು ಭಾವ?” ಎಂದ ಮರಿ.

“ಭಾವ ಅನ್ಬೇಡ.”

“ಅಕ್ಕ ಈ ಮನೇಲಿ ಪಾಠಕ್ಕೆ ಬರೋವಾಗಿಂದ ಅಕ್ಕ ಅಂತೀನಿ. ಅಕ್ಕನ ಗಂಡನ್ನ ಇನ್ನೇನು ಅನ್ಲಿ?”

“ಏನೂ ಅನ್ಬೇಡ. ನುಡಿಸು. ಆವತ್ತು ಸಂಜೆ ನುಡಿಸಿದ್ದನ್ನೇ, ಆವತ್ತಿನ ಹಾಗೇ.”

ಮರಿ ತಂತಿ ಮೀಟಿದ. ಚೆನ್ನಾಗಿಯೇ ನುಡಿಸಿದ. ಅಣ್ಣನ ನೆರಳಲ್ಲಿ ಬೆಳೆದರೂ ಬೆರಳಿಗೆ ಅಭ್ಯಾಸವಿತ್ತು. ಸ್ವರಗಳ ಅಡಿಯಲ್ಲಿ ಆ ಗುಂಯ್ ಮಾತ್ರ ಜೀರುಂಡೆ ಹೊಕ್ಕಂತೆ ಕೊರೆಯುತ್ತಲೇ ಇತ್ತು.

“ರೆಕಾರ್ಡಿಂಗಿನಲ್ಲೂ ಶುರುವಿನಲ್ಲಿ ಹೀಗೇ ಗುಂಯ್ ಅನ್ನುತ್ತೆ,” ಎಂದ ಪತ್ತೇದಾರ. “ಆಮೇಲೆ ಟಕ್ ಅಂತ ಸ್ವಿಚ್ಚಿನ ಸದ್ದು. ಗುಂಯ್ ಮಾಯ. ನೀನೂ ಮಾಯ ಮಾಡು ನೋಡೋಣ.”

ಮರಿಯ ಗಿಟಾರಿನ ತಂತಿಗಳ ಕೆಳಗೆ ಬೆರಳುದ್ದದ ಮೂರು ಬಿಳಿ ಪಟ್ಟಿಗಳಿದ್ದವು. ಅವೇ ಪಿಕಪ್‌ಗಳು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ. ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ದಾಟಿಸುವುದು ಅವುಗಳ ಕೆಲಸ. ತಂತಿಗಳ ಬುಡದ ಬ್ರಿಜ್ ಪಕ್ಕದ್ದು ಹರಿತ ನಾಲಿಗೆಯದು, ಕತ್ತಿನ ಪಕ್ಕದ್ದು ತುಂಬುಗಂಟಲಿನದು, ನಡುವಿನದು ಇಬ್ಬರಿಗೂ ಹೌದಪ್ಪ ಎನ್ನುವ ಗಿರಾಕಿ. ಯಾವುದು ಮಾತಾಡಬೇಕೆಂದು ಸ್ವಿಚ್ ತಳ್ಳಿ ಆರಿಸಬಹುದು. ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಮಾತಾಡಿಸಿದರೆ ಎರಡರದೂ ಅಲ್ಲದ ಹೊಸ ದನಿಯೊಂದು ಹುಟ್ಟುತ್ತದೆ, ತೆಳ್ಳಗೆ, ಟೊಳ್ಳಾಗಿ, ಗಂಟೆಯ ಹಾಗೆ.

ಇದೆಲ್ಲ ಪತ್ತೇದಾರನಿಗೆ ಹೆಂಡತಿಯಿಂದಲೇ ಬಂದ ವಿದ್ಯೆ. ಮದುವೆಯ ಹೊಸತರಲ್ಲಿ ಅವಳ ಲೋಕದಲ್ಲಿ ತಾನೂ ಒಂದು ಕಾಲು ಊರಬೇಕೆಂದು ಪಾಠಕ್ಕೆ ಕುಳಿತಿದ್ದ. ಬೆರಳು ದಪ್ಪ, ತಾಳ ಸೊನ್ನೆ. ನುಡಿಸುವುದನ್ನು ಬೇಗನೆ ಬಿಟ್ಟ, ಕೇಳುವುದನ್ನು ಬಿಡಲಿಲ್ಲ. ಹೊಟ್ಟೆಕಿಚ್ಚಿನವರ ಕಿವಿ ಯಾವಾಗಲೂ ಚುರುಕು.

ಮರಿಯ ಗಿಟಾರು ಹಳೆಯದು. ಅದರ ಸ್ವಿಚ್ಚಿಗೆ ಮೂರೇ ನಿಲ್ದಾಣ, ಒಂದೊಂದಕ್ಕೆ ಒಂದೊಂದೇ ಪಿಕಪ್. ಎರಡನ್ನು ಕೂಡಿಸಬೇಕಾದರೆ ಸ್ವಿಚ್ಚನ್ನು ಎರಡು ನಿಲ್ದಾಣಗಳ ನಡುವೆ, ಗೋಡೆಯ ಮೇಲಿನ ಬೆಕ್ಕಿನ ಹಾಗೆ, ನಾಜೂಕಾಗಿ ನಿಲ್ಲಿಸಬೇಕು. ಮರಿ ಅದಕ್ಕೊಂದು ಮಡಚಿದ ಕಾಗದದ ಚೂರು ಸಿಕ್ಕಿಸಿದ. ಮೀಟಿದ. ದನಿ ಟೊಳ್ಳಾಯಿತು, ಗಂಟೆಯ ಹಾಗೂ ಆಯಿತು.

ಗುಂಯ್ ಮಾತ್ರ ಹೋಗಲಿಲ್ಲ.

ಅವನು ಸ್ವಿಚ್ಚನ್ನು ಇನ್ನೊಂದು ಸಂದಿಗೆ ತಳ್ಳಿದ. ಹೋಗಲಿಲ್ಲ. ಗಿಟಾರಿನ ಮೂತಿಯನ್ನು ಕಿಟಕಿಯಿಂದ ಆಚೆಗೆ ತಿರುಗಿಸಿದ. ಸ್ವಲ್ಪ ತಗ್ಗಿತು, ಹೋಗಲಿಲ್ಲ.

“ಹಳೇ ಗಿಟಾರು,” ಎಂದ ಮರಿ. “ದಿನಕ್ಕೊಂದು ಥರ ಆಡುತ್ತೆ. ಹವಾ ಬದಲಾದ್ರೂ...”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹವಾ ಏನೂ ಮಾಡಿಲ್ಲ ಕಣೋ. ಗುಂಯ್ ಹೋಗ್ಬೇಕಾದ್ರೆ ನಡುವಿನ ಪಿಕಪ್ಪಿನ ಸುತ್ತು ಉಳಿದೆರಡಕ್ಕೆ ಉಲ್ಟಾ ಇರ್ಬೇಕು, ಅಯಸ್ಕಾಂತವೂ ಉಲ್ಟಾ ಕೂತಿರ್ಬೇಕು. ಆಗ ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗೆ ಒಂದರ ಗುಂಯ್ ಇನ್ನೊಂದು ಎಳೆದು ನಿಲ್ಲಿಸುತ್ತೆ. ನಿನ್ನದರಲ್ಲಿ ಮೂರೂ ಎತ್ತೇ. ಮೂರೂ ಒಂದೇ ಕಡೆ ಎಳೀತವೆ.”

ಮರಿ ಸ್ವಿಚ್ಚಿಗೆ ಸಿಕ್ಕಿಸಿದ್ದ ಕಾಗದದ ಚೂರನ್ನು ಕಿತ್ತು ತೆಗೆದ.

“ಈ ಮನೇಲಿ ಕೋಣ ಇರೋ ಗಿಟಾರ್ ಒಂದೇ ಒಂದು,” ಎಂದು ಪತ್ತೇದಾರ ಗೋಡೆಯ ಕಡೆ ತಿರುಗಿದ.

ಗೂಟಕ್ಕೆ ನೇತುಹಾಕಿದ್ದ ಮೇಷ್ಟ್ರ ಕೆಂಪು ಗಿಟಾರು ಗೋಡೆಯ ನೆರಳಲ್ಲಿ ಕಪ್ಪಾಗಿ ಕಾಣುತ್ತಿತ್ತು. ಅದರ ನಡುವಿನ ಪಿಕಪ್ಪನ್ನು ಮೇಷ್ಟ್ರು ತಾವೇ ಕೂತು ಉಲ್ಟಾ ಸುತ್ತಿಸಿದ್ದರು. ಸ್ವಿಚ್ಚನ್ನೂ ಹೊಸದಾಗಿ ಹಾಕಿಸಿದ್ದರು. ಐದು ನಿಲ್ದಾಣದ್ದು, ಎರಡೆರಡು ಪಿಕಪ್ ಕೂಡುವ ಜಾಗದಲ್ಲಿ ತಾನಾಗಿ ನಿಲ್ಲುವಂಥದ್ದು.

ಪತ್ತೇದಾರ ಅದನ್ನು ಇಳಿಸಿ ಮರಿಯ ತೊಡೆಯ ಮೇಲಿಟ್ಟ. “ಇದರಲ್ಲಿ ನುಡಿಸು.”

“ಬೇಡ.”

“ಯಾಕೆ? ಆವತ್ತು ನುಡಿಸಿದವನು ನೀನೇ ತಾನೇ? ನುಡಿಸು ಅಂದೆ.”

ಮರಿ ನುಡಿಸಿದ. ಮೊದಲು ಗುಂಯ್. ಟಕ್. ಕೋಣೆ ಒಮ್ಮೆಲೇ ನಿಶ್ಶಬ್ದವಾಗಿ, ಸ್ವರಗಳಷ್ಟೇ ಉಳಿದವು. ಪತ್ತೇದಾರ ಕಣ್ಣು ಮುಚ್ಚಿ ಕೇಳಿದ. ಸಾಲಿನ ಕೊನೆಯ ಸ್ವರ ಮುಗಿಯಿತು. ಮರಿ ಸ್ವಿಚ್ ಬದಲಿಸಿ ಮುಂದಿನ ಸಾಲಿಗೆ ಹೋದ.

“ಸಾಕು, ನಿಲ್ಸು. ನೀನು ಸಾಲು ಮುಗಿದ ಮೇಲೆ ಸ್ವಿಚ್ ತಳ್ತೀಯ. ಎಲ್ಲರೂ ಹಾಗೇ. ರೆಕಾರ್ಡಿಂಗಿನಲ್ಲಿ ನುಡಿಸಿದವರು ಮುಗಿಯೋಕೆ ಒಂದು ಸ್ವರ ಇರುವಾಗಲೇ ತಳ್ತಾರೆ. ಒಂದ್ಸಲ ಅಲ್ಲ, ಪ್ರತಿ ಸಾಲಿಗೂ. ಇನ್ನು ಸುಳ್ಳು ಹೇಳಿ ಸುಸ್ತಾಗ್ಬೇಡ.”

ಮರಿ ತಂತಿಗಳ ಮೇಲೆ ಅಂಗೈಯಿಟ್ಟು ಅವುಗಳ ನಡುಕ ನಿಲ್ಲಿಸಿದ.

“ನಾನಲ್ಲ,” ಎಂದ.

“ಮತ್ತೆ ಎಲ್ಲಿದ್ದೆ?”

“ಹಿಂದಿನ ಅಂಗಳದಲ್ಲಿ. ಸಿಗರೇಟ್ ಸೇದ್ತಿದ್ದೆ. ಮೇಲಿಂದ ಗಿಟಾರ್ ಕೇಳಿಸ್ತು. ಅಣ್ಣ ನುಡಿಸ್ತಿದ್ದಾನೆ ಅಂದ್ಕೊಂಡೆ. ಅಷ್ಟು ಚೆನ್ನಾಗಿತ್ತು ಭಾವ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು. ಮೇಲೆ ಹೋಗೋಕೆ ಮನಸ್ಸಾಗ್ಲಿಲ್ಲ. ಅದು ನಿಂತು ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಮೆಟ್ಟಿಲು ಹತ್ತಿ ಬಂದೆ. ಇಲ್ಲಿ ಯಾರೂ ಇರ್ಲಿಲ್ಲ. ಒಳಗೆ ಅಣ್ಣ ಬಿದ್ದಿದ್ದ.”

“ಈ ಕೆಂಪು ಗಿಟಾರ್?”

“ಅದೆಲ್ಲಿಗೆ ಹೋಗುತ್ತೆ? ಇದೇ ಗೂಟದಲ್ಲಿತ್ತು.”

ಪತ್ತೇದಾರನಿಗೆ ಈ ಮಾತು ಕಿವಿಗೆ ಬಿತ್ತೋ ಇಲ್ಲವೋ. ಅವನು ಆಗಲೇ ಮುಂದಿನ ಪ್ರಶ್ನೆಗೆ ಹಾರಿದ್ದ. “ಮತ್ತೆ ನುಡಿಸಿದ್ದು ನಾನೇ ಅಂತ ಯಾಕೋ ಹೇಳ್ದೆ? ಸಿಕ್ಕಿಹಾಕ್ಕೋತೀನಿ ಅಂತ ಹೆದರಿಕೆಯಾ?”

“ಹೆದರಿಕೆ ಆಮೇಲೆ ಬಂತು.” ಮರಿ ತಲೆ ಎತ್ತಲಿಲ್ಲ. “ಇನ್‌ಸ್ಪೆಕ್ಟರ್ ರೆಕಾರ್ಡಿಂಗ್ ಹಾಕಿ ಕೇಳಿದ್ರು. ಮಧ್ಯದಲ್ಲಿ ನಿಲ್ಸಿ, ‘ಯಾರ್ರೀ ಇದು, ಎಷ್ಟು ಅದ್ಭುತವಾಗಿ ನುಡಿಸ್ತಾರೆ’ ಅಂದ್ರು. ನನ್ನ ಮುಖ ನೋಡಿ ಅಂದ್ರು. ಹುಟ್ಟಿದಾಗಿಂದ ಯಾರೂ ನನ್ನ ಮುಖ ನೋಡಿ ಹಾಗೆ ಕೇಳಿರ್ಲಿಲ್ಲ. ‘ನಾನೇ ಸಾರ್’ ಅಂದ್ಬಿಟ್ಟೆ. ಬಾಯಿಂದ ಬಂದ್ಬಿಡ್ತು.”

ಅಣ್ಣನ ಹೆಣ ಒಳಗೆ ಬಿದ್ದಿರುವಾಗ ಇನ್ನೊಬ್ಬರ ಸಂಗೀತವನ್ನು ಕದ್ದು ಹೆಗಲಿಗೇರಿಸಿಕೊಂಡ ಮನುಷ್ಯನನ್ನು ಪತ್ತೇದಾರ ಬೈಯಬೇಕಿತ್ತು. ಬೈಯಲು ಬಾಯಿ ಬರಲಿಲ್ಲ. ಆ ಉರಿ ಎಂಥದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗನ್ನು ಮತ್ತೆ ಓಡಿಸಿದ. ಮೇಷ್ಟ್ರು ಅಲ್ಲ, ಧಡ್ ಎಂದ ಮೇಲೂ ಗಿಟಾರ್ ನುಡಿದಿದೆ. ಮರಿ ಅಲ್ಲ. ಹಾಗಾದರೆ ಯಾರು?

ಸಾಲು ಕತ್ತಿನ ಪಕ್ಕದ ಮತ್ತು ನಡುವಿನ ಪಿಕಪ್‌ಗಳ ಜೋಡಿಯಲ್ಲಿ ದುಂಡಗೆ ಶುರುವಾಗುತ್ತದೆ. ಕೊನೆಯ ಸ್ವರಕ್ಕೆ ಮುಂಚೆ ಕಿರುಬೆರಳು ಸ್ವಿಚ್ಚನ್ನು ಬ್ರಿಜ್ ಕಡೆಯ ಜೋಡಿಗೆ ತಳ್ಳುತ್ತದೆ. ದಾರಿಯಲ್ಲಿ ನಡುವಿನ ಪಿಕಪ್ ಒಂಟಿಯಾಗುವ ಜಾಗವನ್ನು ಹಾಯಬೇಕು. ಅಲ್ಲಿ ಒಂದು ಚಿಟಿಕೆಯಷ್ಟು ಹೊತ್ತು ಗುಂಯ್ ಎಂದು, ಮತ್ತೆ ನಿಲ್ಲುತ್ತದೆ. ಅದಾದ ಮೇಲೆ ಬರುವ ಕೊನೆಯ ಸ್ವರ ಬೇರೆ ಯಾರೋ ಬಂದು ಹೇಳಿದಂತಿರುತ್ತದೆ.

ಪತ್ತೇದಾರ ಯಂತ್ರವನ್ನು ನಿಲ್ಲಿಸಿದ.

‘ಮಾತು ಮುಗಿಯೋ ಮುಂಚೇನೇ ದನಿ ಬದಲಾಯಿಸ್ಬೇಕು ರೀ. ಆಗ ಕೇಳೋರು ಎದ್ದು ಹೋಗಲ್ಲ.’ ಮದುವೆಯ ಹೊಸತರಲ್ಲಿ, ಹಾಸಿಗೆಯ ಮೇಲೆ ಕಾಲು ಮಡಚಿ ಕುಳಿತು, ಅವಳು ನಗುತ್ತ ಹೇಳಿಕೊಟ್ಟಿದ್ದಳು.

ಮೊದಲು ಬಂದದ್ದು ಸಂತೋಷ. ನುಡಿಸುತ್ತಿದ್ದವಳು ಅವಳಾದರೆ ತಳ್ಳಿದವಳು ಅವಳಲ್ಲ! ಇನ್‌ಸ್ಪೆಕ್ಟರ್ ಅವಳನ್ನು ಮುಟ್ಟುವಂತಿಲ್ಲ. ಅದರ ಬೆನ್ನಿಗೇ ಹಳೆಯ ಹಾವು ಹೆಡೆಯೆತ್ತಿತು. ಸ್ವಂತ ತಮ್ಮನಿಗೂ ಮುಟ್ಟಲು ಕೊಡದ ಗಿಟಾರನ್ನು ಮೇಷ್ಟ್ರು ಇವಳ ಕೈಗೆ ಕೊಟ್ಟಿದ್ದರು. ಇವಳು ಅದರಲ್ಲಿ ಪ್ರಾಣವಿಟ್ಟು ನುಡಿಸಿದ್ದಳು. ಗಂಡನ ಮನೆಯಲ್ಲಿ, ಗಂಡನ ಎದುರಿಗೆ, ಒಂದು ದಿನವೂ ಅವಳು ಹೀಗೆ ನುಡಿಸಿರಲಿಲ್ಲ.

“ಅಕ್ಕನಾ?” ಎಂದು ಮರಿ ಮೆಲ್ಲಗೆ ಕೇಳಿದ. ಅವನೂ ಪತ್ತೇದಾರನ ಮುಖ ನೋಡುತ್ತಿದ್ದ.

ಪತ್ತೇದಾರ ಫೋನ್ ತೆಗೆದ. ಇನ್‌ಸ್ಪೆಕ್ಟರಿಗೆ ಹೇಳುವಾಗ ಬಿಸಿತುಪ್ಪ ಗಂಟಲಲ್ಲಿ ಸಿಕ್ಕಿದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಹೇಳಿದ. “ಆ ಸಂಜೆ ಮೇಷ್ಟ್ರ ಮನೆಯಲ್ಲಿ, ಮೇಷ್ಟ್ರ ಗಿಟಾರಲ್ಲಿ ನುಡಿಸ್ತಿದ್ದದ್ದು ನನ್ನ ಹೆಂಡ್ತಿ. ನಾನು ಸಾಬೀತು ಮಾಡಿ ತೋರಿಸ್ತೀನಿ.”

“ಖಾತ್ರಿನಾ ಸಾರ್?”

“ಅವಳ ಕೈ ನನಗೆ ಗೊತ್ತಿಲ್ವೇನಯ್ಯ?”

“ಹಾಗಾದ್ರೆ ನಾಳೆವರೆಗೆ ಯಾಕೆ? ಈಗಲೇ ನಿಮ್ಮನೆಗೆ ಬಂದು ಮೇಡಮ್ಮನ ಹೇಳಿಕೆ ಬರ್ಕೋತೀನಿ. ಒಳ್ಳೆ ಸುದ್ದಿ ಸಾರ್.”

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು. ಪತ್ತೇದಾರ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ. ದಾರಿಯುದ್ದಕ್ಕೂ ಎರಡು ಮಾತು ಸಿದ್ಧ ಮಾಡಿಕೊಂಡಿದ್ದ, ಒಂದು ಪ್ರೀತಿಯದು, ಒಂದು ಚುಚ್ಚುವುದು. ಬಾಯಿಗೆ ಬಂದದ್ದು ಎರಡೂ ಅಲ್ಲ.

“ರೆಕಾರ್ಡಿಂಗಿನಲ್ಲಿ ನುಡಿಸಿರೋದು ನೀನೇ ಅಂತ ಗೊತ್ತಾಯ್ತು ಕಣೇ.”

ಅವಳ ಕೈಯಲ್ಲಿದ್ದ ಅವನದೇ ಅಂಗಿ ಅರ್ಧ ಮಡಚಿದಲ್ಲಿಗೆ ನಿಂತಿತು. “ಹೇಗೆ ಗೊತ್ತಾಯ್ತು?”

“ಕೊನೇ ಸ್ವರಕ್ಕೆ ಮುಂಚೆ ಸ್ವಿಚ್ ತಳ್ತೀಯಲ್ಲ.”

“ಅಷ್ಟೆಲ್ಲ ಕೇಳಿಸ್ಕೊಂಡಿದ್ರಾ ನೀವು?” ಎಂದಳು. ಅವಳ ಕಣ್ಣು ತುಂಬಿತು.

“ಇನ್‌ಸ್ಪೆಕ್ಟರ್ ಬರ್ತಿದ್ದಾನೆ. ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡು. ನೀನು ಹೊರಗೆ ನುಡಿಸ್ತಿದ್ದೆ, ಒಳಗೆ ಏನೋ ಆಯ್ತು, ನಿನಗೆ ಕೇಳಿಸ್ಲಿಲ್ಲ. ಮುಗೀತು. ನೀನು ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ನಾನು... ನಾನು ಕೇಳಲ್ಲ.” ಕೊನೆಯ ಮಾತನ್ನು ಹೇಳಲು ಅವನಿಗೆ ಬಹಳ ಕಷ್ಟವಾಯಿತು.

ಅವಳು ಅಂಗಿಯನ್ನು ಪಕ್ಕಕ್ಕಿಟ್ಟಳು.

“ನುಡಿಸಿದ್ದು ನಾನೇ ರೀ. ಆದ್ರೆ ಆವತ್ತಲ್ಲ.”

“ಅಂದ್ರೆ?”

“ಹೋದ ವರ್ಷದ್ದು. ನೀವು ಕೇಸಿಗೆ ಅಂತ ಬೇರೆ ಊರಿಗೆ ಹೋಗಿದ್ರಿ. ಕೈ ತುರಿಸ್ತಿತ್ತು. ಒಂದೇ ಒಂದು ಸಲ ಹೋಗಿ ನುಡಿಸಿದೆ. ಮೇಷ್ಟ್ರು ರೆಕಾರ್ಡ್ ಮಾಡಿಟ್ಕೊಂಡಿದ್ರು. ಮೊನ್ನೆ ಫೋನ್ ಮಾಡಿ, ಅದನ್ನ ಹೊರಗೆ ಬಿಡ್ತೀನಿ, ಊರೆಲ್ಲ ಕೇಳ್ಲಿ ಅಂದ್ರು. ನಾನು ಹೋದಾಗ ಅದನ್ನೇ ಸ್ಪೀಕರಲ್ಲಿ ಹಾಕ್ಕೊಂಡು, ಮೇಲೆ ಇನ್ನೇನೋ ಸೇರಿಸೋಕೆ ಯಂತ್ರ ಓಡಿಸ್ತಿದ್ರು.”

ಹಾಗಾದರೆ ಆ ಸಂಜೆ ಗಿಟಾರನ್ನು ಯಾರೂ ನುಡಿಸುತ್ತಿರಲಿಲ್ಲ. ನುಡಿಯುತ್ತಿದ್ದದ್ದು ಸ್ಪೀಕರು. ಇವಳ ಕೈ ಖಾಲಿಯಿತ್ತು.

“ನೀನು ಹೋಗಿದ್ದು ಯಾಕೆ?”

“ಅಳಿಸ್ಬಿಡಿ ಅಂತ ಕೈ ಮುಗಿಯೋಕೆ. ಎಲ್ಲಾದ್ರೂ ನಿಮ್ಮ ಕಿವಿಗೆ ಬಿದ್ರೆ ನೀವು ಗುರುತು ಹಿಡಿತೀರ ಅಂತ ಭಯ ಆಯ್ತು. ನಿಮ್ಮ ಮುಖ ಊದೋದನ್ನ ನೋಡೋ ಶಕ್ತಿ ನನಗಿನ್ನು ಇರ್ಲಿಲ್ಲ.”

ಅವಳಿಗೆ ಕಾರಣವೇ ಇಲ್ಲವೆಂದು ಒಂದು ವಾರ ಇನ್‌ಸ್ಪೆಕ್ಟರನ ಜೊತೆ ವಾದಿಸಿದವನು ಇವನೇ. ಕಾರಣ ಈಗ ಅವಳೆದುರಿಗೆ ಚಪ್ಪಲಿಯನ್ನೂ ಬಿಡದೆ ನಿಂತಿತ್ತು.

“ಅಳಿಸೋಕೆ ಒಪ್ಪಿದ್ರಾ?”

“ಇಲ್ಲ. ನಕ್ರು. ‘ನಿನ್ನ ಗಂಡನಿಗೆ ಇನ್ನೂ ಹೊಟ್ಟೆಕಿಚ್ಚಾ?’ ಅಂತ ನಕ್ರು. ನನಗೆ ಎಲ್ಲಿತ್ತೋ ಕೋಪ. ಎರಡೂ ಕೈಯಲ್ಲಿ ತಳ್ಬಿಟ್ಟೆ.”

ಬಾಗಿಲ ಗಂಟೆ ಸದ್ದು ಮಾಡಿತು.

“ಬಿದ್ರು. ಆದ್ರೆ ನಾನು ಬಾಗಿಲು ದಾಟುವಾಗ ಎದ್ದು ನಿಂತು, ಮೈ ಕೊಡವಿಕೊಂಡು, ಇನ್ನೂ ನಗ್ತಾನೇ ಇದ್ರು ರೀ. ದೇವರಾಣೆ. ಯಾರೂ ನಂಬಲ್ಲ ಅಂತ ಗೊತ್ತು.” ಅವಳು ಅವನ ತೋಳು ಹಿಡಿದಳು. “ನೀವು ನಂಬ್ತೀರ ತಾನೇ?”

ಗಂಟೆ ಮತ್ತೆ ಸದ್ದು ಮಾಡಿತು. “ಸಾರ್, ನಾನು” ಎಂದು ಇನ್‌ಸ್ಪೆಕ್ಟರ್ ಹೊರಗಿನಿಂದ ಕರೆದ. ಅವಳು ಉತ್ತರಕ್ಕೆ ಕಾಯುತ್ತ ಗಂಡನ ಮುಖವನ್ನೇ ನೋಡುತ್ತಿದ್ದಳು. ಪತ್ತೇದಾರನ ತಲೆಯಲ್ಲಿ ಸುತ್ತುತ್ತಿದ್ದದ್ದು ಮಾತ್ರ ಒಂದೇ ಪ್ರಶ್ನೆ: ಹೋದ ವರ್ಷ ಅವಳು ಅಲ್ಲಿಗೆ ಹೋದದ್ದು ನಿಜಕ್ಕೂ ಒಂದೇ ಸಲವೇ?